ಗುಟ್ಟಿನ ನಂಬರೂ ಸಹಿಯೇ

ಎಸ್ಟೋನಿಯಾ ಯುರೋಪಿನ ಪುಟ್ಟ ದೇಶ. ಮೊದಲು ಸೋವಿಯತ್ ಒಕ್ಕೂಟದಲ್ಲಿತ್ತು. ಆಗ ಅಂಗಡಿ, ಕಾರ್ಖಾನೆ ಹೆಚ್ಚಾಗಿ ಸರ್ಕಾರದ್ದೇ. 1991ರಲ್ಲಿ ದೇಶ ಸ್ವತಂತ್ರವಾಯಿತು. ಜನ ಸ್ವಂತ ವ್ಯಾಪಾರಕ್ಕೆ ಇಳಿದರು.

2002ರಲ್ಲಿ ಸರ್ಕಾರ ಹೊಸ ಗುರುತಿನ ಚೀಟಿ ಕೊಟ್ಟಿತು. ಚೀಟಿಯನ್ನು ಕಂಪ್ಯೂಟರಿಗೆ ಜೋಡಿಸಬೇಕು. ಗುಟ್ಟಿನ ನಂಬರು ಒತ್ತಬೇಕು. ಅದೇ ಸಹಿ! 2007ರಿಂದ ಮನೆಯಲ್ಲೇ ಕೂತು ಕಂಪನಿ ನೋಂದಣಿ ಮಾಡಬಹುದು. ತೆರಿಗೆ ಲೆಕ್ಕವನ್ನೂ ಹಾಗೇ ಕೊಡಬಹುದು. ಕಚೇರಿಗೆ ಹೋಗಲು ಅಂಗಡಿ ಬಾಗಿಲು ಹಾಕಬೇಕಿಲ್ಲ.

ನಮ್ಮ ದೇಶದಲ್ಲೂ 2020ರಿಂದ ಉದ್ಯಮ್ ನೋಂದಣಿ ಇದೆ. ಹಪ್ಪಳ ಮಾಡಿ ಮಾರುವ ನಾವೂ ಮಾಡಿಸಬಹುದು. ಸರ್ಕಾರಕ್ಕೆ ಶುಲ್ಕ ಕಟ್ಟಬೇಕಿಲ್ಲ. ನಮ್ಮ ಫೋನಿಗೆ ಓಟಿಪಿ ನಂಬರು ಬರುತ್ತದೆ. ಏನು ಬರೆದಿದ್ದಾರೆ ಅಂತ ಓದದೆ ಆ ನಂಬರು ಹೇಳಿಬಿಟ್ಟರೆ? ಕಣ್ಣು ಮುಚ್ಚಿ ಹೆಬ್ಬೆಟ್ಟು ಒತ್ತಿದ ಹಾಗೆ.

ಅಕ್ಕಾ, ಈಗ ನಮಗೆ ಓದು ಬಂದಿದೆ. ಮೊದಲು ಓದೋಣ. ಆಮೇಲೆ ಒತ್ತೋಣ.