ಹಾಲಿನ ಪ್ಯಾಕೆಟ್ಟಿಗೊಂದು ಬೀಗದ ಕೈ

ಬೆಳಗಿನ ಆರು ಗಂಟೆಗೆ ಪದ್ಮನಾಭನಗರದ ಯಾವ ಅಡ್ಡರಸ್ತೆಯಲ್ಲಿ ಹೊರಟರೂ ಗೇಟಿಗೆ ಸಿಕ್ಕಿಸಿದ ಬಟ್ಟೆಚೀಲಗಳು ಕಾಣುತ್ತವೆ. ಒಳಗೆ ಅರ್ಧ ಲೀಟರಿನ ಎರಡು ನೀಲಿ ಪ್ಯಾಕೆಟ್, ಕೆಲವು ಮನೆಗಳಿಗೆ ಜೊತೆಗೊಂದು ಮೊಸರು. ಚೀಲ ಒಳಗೆ ಹೋದ ಮೇಲೆ ಅಡುಗೆಮನೆಯಲ್ಲಿ ಕತ್ತರಿಯ ಹುಡುಕಾಟ ಶುರುವಾಗುತ್ತದೆ. ಅದು ನಿನ್ನೆ ರಾತ್ರಿ ಮಕ್ಕಳ ಪ್ರಾಜೆಕ್ಟಿಗೆ ಹೋದದ್ದು ಮರಳಿ ಬಂದಿರುವುದಿಲ್ಲ. ಚಾಕು ಮೊಂಡು. ಹಳೆಯ ಬ್ಲೇಡು ಕೈಗೆ ಸಿಕ್ಕರೆ ಬೆರಳಿನ ಚಿಂತೆ. ಕೊನೆಗೆ ಹಲ್ಲು. ಮೂಲೆಯ ಪ್ಲಾಸ್ಟಿಕ್ ಹರಿದು ಹಾಲು ಗೋಡೆಗೆ ಚಿಮ್ಮುತ್ತದೆ, ಹರಿದ ಚೂರು ಸಿಂಕಿನ ಜಾಲರಿಯ ಕಡೆ ಹೊರಡುತ್ತದೆ.

ಸಣ್ಣ ವಿಷಯ, ನಿಜ. ಆದರೆ ಈ ಬಡಾವಣೆಯಲ್ಲಿ ಒಬ್ಬರೋ ಇಬ್ಬರೋ ಹಿರಿಯರಷ್ಟೇ ಇರುವ ಮನೆಗಳು ಕಡಿಮೆಯೇನಿಲ್ಲ. ಬೆರಳ ಗಂಟುಗಳಲ್ಲಿ ಸಂಧಿವಾತ ಕೂತವರಿಗೆ, ಕೈ ನಡುಗುವವರಿಗೆ, ಕನ್ನಡಕ ಹುಡುಕುವ ಮೊದಲೇ ಕಾಫಿಗೆ ಹಾಲು ಬೇಕಾದವರಿಗೆ ಒಂದು ಪ್ಯಾಕೆಟ್ ಬಿಡಿಸುವುದು ದಿನದ ಮೊದಲ ಪರೀಕ್ಷೆ. ಇಷ್ಟು ಪೊಟ್ಟಣಗಳನ್ನು ಮಾಡಿದ ಲೋಕ ಅವನ್ನು ತೆರೆಯಲು ಒಂದು ಸರಿಯಾದ ಉಪಕರಣವನ್ನು ಮನೆಮನೆಗೆ ಏಕೆ ಕೊಡಲಿಲ್ಲ? ಕೊಡುವುದಾದರೆ ಅದು ಹೇಗಿರಬೇಕು?

ಮೊದಲು ಪೆಟ್ಟಿಗೆ, ಆಮೇಲೆ ಕೀಲಿ ಎಂಬ ಕ್ರಮ ಹೊಸದಲ್ಲ. ಲೋಹದ ಡಬ್ಬಿಯಲ್ಲಿ ಆಹಾರ ಕೆಡದಂತೆ ಇಡುವ ವಿಧಾನಕ್ಕೆ ಇಂಗ್ಲೆಂಡಿನಲ್ಲಿ ಪೀಟರ್ ಡ್ಯುರಾಂಡ್ ಪೇಟೆಂಟ್ ಪಡೆದದ್ದು 1810ರಲ್ಲಿ. ಡಬ್ಬಿ ತೆರೆಯುವ ಉಪಕರಣಕ್ಕೆ ಅದೇ ದೇಶದ ರಾಬರ್ಟ್ ಯೇಟ್ಸ್ ಪೇಟೆಂಟ್ ಪಡೆದದ್ದು 1855ರಲ್ಲಿ. ನಡುವಿನ ನಲವತ್ತೈದು ವರ್ಷ ಜನ ಉಳಿ ಮತ್ತು ಸುತ್ತಿಗೆ ಹಿಡಿದು ಊಟಕ್ಕೆ ಕೂತರು. ಸೈನಿಕರು ಬಂದೂಕಿನ ಸನೀನು ಬಳಸಿದರು. ಮೊದಮೊದಲ ಡಬ್ಬಿಗಳ ತಗಡು ಬಲು ದಪ್ಪ. ಕೈಯಲ್ಲಿ ಹಿಡಿಯುವ ಸಲಕರಣೆಗೆ ಅದು ಜಗ್ಗುತ್ತಿರಲಿಲ್ಲ. ತಗಡು ತೆಳುವಾದ ಮೇಲಷ್ಟೇ ಕೀಲಿಗೆ ಅವಕಾಶವಾಯಿತು.

ಬೆಂಗಳೂರಿನ ಹಾಲಿಗೆ ಇಂಥ ತೊಂದರೆ ಮೊದಲು ಇರಲಿಲ್ಲ. ಹೊಸೂರು ರಸ್ತೆಯ ಡೇರಿ 1965ರಲ್ಲಿ ಆರಂಭವಾಯಿತು. ಗಾಜಿನ ಬಾಟಲಿಯಲ್ಲಿ ಹಾಲು ಬರುತ್ತಿದ್ದ ಕಾಲದಲ್ಲಿ ಅಲ್ಯುಮಿನಿಯಂ ಹಾಳೆಯ ಮುಚ್ಚಳವನ್ನು ಹೆಬ್ಬೆರಳಲ್ಲಿ ಒತ್ತಿದರೆ ಕೆಲಸ ಮುಗಿಯುತ್ತಿತ್ತು. ಬಾಟಲಿಯನ್ನು ತೊಳೆದು ಹಿಂತಿರುಗಿಸಬೇಕು, ಅದು ಒಡೆಯುತ್ತದೆ, ಲಾರಿಯಲ್ಲಿ ಹಾಲಿನ ಜೊತೆ ಗಾಜಿನ ಭಾರವನ್ನೂ ಹೊರಬೇಕು. ಪ್ಲಾಸ್ಟಿಕ್ ಚೀಲ ಈ ಮೂರನ್ನೂ ಬಗೆಹರಿಸಿತು. ‘ನಂದಿನಿ’ ಹೆಸರು ಮನೆಮಾತಾದದ್ದು ಈ ಚೀಲದ ಮೇಲೆಯೇ. ತೆರೆಯುವ ಕಷ್ಟವೊಂದು ಮಾತ್ರ ಕಾರ್ಖಾನೆಯಿಂದ ಅಡುಗೆಮನೆಗೆ ವರ್ಗವಾಯಿತು.

ಅದು ಬರಿಗೈಗೆ ಏಕೆ ಬಗ್ಗುವುದಿಲ್ಲ ಎಂಬುದರಲ್ಲಿ ಸ್ವಲ್ಪ ವಿಜ್ಞಾನವಿದೆ. ಹಾಲಿನ ಪ್ಯಾಕೆಟ್ಟಿನ ಹಾಳೆ ಪಾಲಿಥೀನ್. ದಪ್ಪ ಸುಮಾರು 50 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ. ಎಳೆದರೆ ಅದು ಹರಿಯುವ ಬದಲು ಹಿಗ್ಗುತ್ತದೆ. ಒಳಗಿನ ಉದ್ದುದ್ದ ಅಣುಸರಪಳಿಗಳು ಜಾರಿ, ನೆಟ್ಟಗಾಗಿ, ಕೈಯ ಬಲವನ್ನೆಲ್ಲ ನುಂಗಿಬಿಡುತ್ತವೆ. ಚಿಪ್ಸ್ ಪೊಟ್ಟಣದ ಸ್ವಭಾವ ಇದಕ್ಕೆ ತದ್ವಿರುದ್ಧ. ಅದರ ಹಾಳೆಯನ್ನು ತಯಾರಿಸುವಾಗಲೇ ಎರಡೂ ದಿಕ್ಕಿಗೆ ಎಳೆದು ಬಿಗಿಗೊಳಿಸಿರುತ್ತಾರೆ. ಹರಿತ ಶುರುವಾಗುವುದು ಕಷ್ಟ, ಶುರುವಾದರೆ ನಿಲ್ಲುವುದು ಇನ್ನೂ ಕಷ್ಟ. ಬಲವೆಲ್ಲ ಹಾಕಿ ಎಳೆದ ಮೇಲೆ ಪೊಟ್ಟಣ ತಳದವರೆಗೆ ಸೀಳಿ, ಆಲೂಗೆಡ್ಡೆ ಚಿಪ್ಸು ಸೋಫಾದ ಸಂದಿಯಲ್ಲಿ ಸಿಗುವುದು ಈ ಕಾರಣಕ್ಕೇ.

ಹರಿತವೆಲ್ಲ ಹೊರಡುವುದು ಒಂದು ಸಣ್ಣ ಗಾಯದಿಂದ. ಗಾಜು ಏಕೆ ತನ್ನ ಲೆಕ್ಕದ ಬಲಕ್ಕಿಂತ ಎಷ್ಟೋ ಮೊದಲೇ ಒಡೆಯುತ್ತದೆ ಎಂದು ಹುಡುಕುತ್ತಿದ್ದ ಬ್ರಿಟಿಷ್ ಎಂಜಿನಿಯರ್ ಎ.ಎ. ಗ್ರಿಫಿತ್, ಕಣ್ಣಿಗೆ ಕಾಣದ ಬಿರುಕುಗಳೇ ಅದರ ಮೂಲವೆಂದು 1921ರಲ್ಲಿ ವಿವರಿಸಿದ. ಬಿರುಕಿನ ತುದಿಯಲ್ಲಿ ಎಳೆತವೆಲ್ಲ ಒಟ್ಟುಗೂಡುತ್ತದೆ. ಶಾಂಪೂ ಸ್ಯಾಷೆಯ ಅಂಚಿನಲ್ಲಿರುವ ಗರಗಸದ ಹಲ್ಲು, ಸಾಸ್ ಪೊಟ್ಟಣದ ಪಕ್ಕದ ಕಚ್ಚು ಇವೆಲ್ಲ ಕಂಪನಿ ತಾನೇ ಮಾಡಿಕೊಟ್ಟ ಗಾಯಗಳು. ಬ್ಲೇಡಾಗಲಿ ಹಲ್ಲಾಗಲಿ ಮಾಡುವುದು ಇಷ್ಟನ್ನೇ: ಎಳೆತಕ್ಕೆ ಒಂದು ಆರಂಭವನ್ನು ಕೊಡುವುದು.

ಪ್ಲಾಸ್ಟಿಕ್ಕಿಗಿಂತ ಹಳೆಯ ಪೊಟ್ಟಣಗಳಲ್ಲಿ ಬೇರೆಯದೇ ಜಾಣತನವಿತ್ತು. ದಿನಸಿ ಅಂಗಡಿಗೆ ಬರುವ ಅಕ್ಕಿ, ಸಕ್ಕರೆ ಮೂಟೆಯ ಬಾಯನ್ನು ನೋಡಬೇಕು. ಅದು ಸರಪಳಿ ಹೊಲಿಗೆ: ಪ್ರತಿ ಕುಣಿಕೆಯನ್ನು ಅದರ ಮುಂದಿನ ಕುಣಿಕೆ ಹಿಡಿದಿರುತ್ತದೆ. ಹೊಲಿಗೆ ಮುಗಿದ ಕಡೆಯ ಕೊನೆಯ ಕುಣಿಕೆಗೆ ಮಾತ್ರ ಕಾವಲಿಲ್ಲ. ಆ ತುದಿಯನ್ನು ಬಿಡಿಸಿ ದಾರ ಎಳೆದರೆ, ಸ್ವೆಟರಿನ ಉಲ್ಲನ್ ಬಿಚ್ಚಿದಂತೆ, ಇಡೀ ಹೊಲಿಗೆ ಸರ್ರನೆ ಬಿಚ್ಚಿಕೊಳ್ಳುತ್ತದೆ. ಹೊಲಿಗೆ ಶುರುವಾದ ತುದಿಯಿಂದ ಎಳೆದರೆ ಗಂಟು ಇನ್ನಷ್ಟು ಬಿಗಿ. ಅಂಗಡಿಯ ಹುಡುಗನಿಗೆ ಇದು ಕಣ್ಣಳತೆಯಲ್ಲೇ ಗೊತ್ತು; ಇಪ್ಪತ್ತೈದು ಕೆ.ಜಿ. ಸೋನಾಮಸೂರಿ ಮನೆಗೆ ತಂದ ಯಜಮಾನರಿಗೆ ಗೊತ್ತಿಲ್ಲ. ಅವರು ಚಾಕುವಿನಿಂದ ಚೀಲದ ಹೊಟ್ಟೆಯನ್ನೇ ಕೊಯ್ಯುತ್ತಾರೆ, ಇನ್ನೊಂದು ಉಪಯೋಗಕ್ಕೆ ಬರಬಹುದಾಗಿದ್ದ ಚೀಲ ಹಾಳಾಗುತ್ತದೆ.

ಅಂಚೆ ಚೀಲದ್ದು ಇನ್ನೂ ಸೂಕ್ಷ್ಮ. ಬಾಯಿಗೆ ಹುರಿ ಸುತ್ತಿ, ಚೀಟಿ ಕಟ್ಟಿ, ಗಂಟಿನ ಮೇಲೆ ಅರಗಿನ ಮೊಹರು ಒತ್ತುವ ಪದ್ಧತಿಯಲ್ಲಿ, ಚೀಲ ಬಿಚ್ಚುವವರು ಹುರಿಯನ್ನು ಕತ್ತರಿಸುವಾಗ ಮೊಹರೂ ಚೀಟಿಯೂ ಅದೇ ಹುರಿಯಲ್ಲಿ ಹಾಳಾಗದೆ ಉಳಿಯುವಂತೆ ನೋಡಿಕೊಳ್ಳಬೇಕು. ಒಳಗಿನ ಕಾಗದ ಪತ್ರಗಳ ಲೆಕ್ಕ ಸರಿಹೋಗುವ ತನಕ ಅದನ್ನು ಎತ್ತಿಡಬೇಕು. ಚೀಲ ದಾರಿಯಲ್ಲಿ ಯಾರ ಕೈಗೂ ಸಿಕ್ಕಿಲ್ಲ ಎಂಬುದಕ್ಕೆ ಸಾಕ್ಷಿ ಅದೊಂದೇ.

ಮೊಹರಿಗೆ ಕಾವಲು ಮತ್ತು ಸಾಕ್ಷಿ ಎಂಬ ಈ ಎರಡು ಕೆಲಸ ಬಹಳ ಹಿಂದಿನಿಂದಲೂ ಇದೆ. ಕನ್ನಡ ನಾಡಿನ ರಾಜರು ಹಾಕಿಸಿದ ತಾಮ್ರಶಾಸನಗಳ ತಗಡುಗಳನ್ನು ಒಂದು ಬಳೆಯಲ್ಲಿ ಪೋಣಿಸಿ, ಬಳೆಯ ಎರಡು ತುದಿಗಳನ್ನು ರಾಜಮುದ್ರೆಯ ಬುಡದಲ್ಲಿ ಬೆಸೆಯುತ್ತಿದ್ದರು. ಗಂಗರದಾದರೆ ಆನೆ, ಬಾದಾಮಿ ಚಾಲುಕ್ಯರದಾದರೆ ವರಾಹ, ರಾಷ್ಟ್ರಕೂಟರದಾದರೆ ಗರುಡ. ಬಳೆ ಕತ್ತರಿಸದೆ ಒಂದು ತಗಡನ್ನು ತೆಗೆಯುವಂತಿಲ್ಲ, ಹೊಸದೊಂದನ್ನು ಸೇರಿಸುವಂತಿಲ್ಲ. ಅದಕ್ಕೇ ಶಾಸನ ಸಂಪಾದಕರು ತಗಡಿನ ಅಳತೆ, ತೂಕಗಳ ಜೊತೆಗೆ ‘ಬಳೆ ತಮ್ಮ ಕೈಗೆ ಬರುವಾಗಲೇ ಕತ್ತರಿಸಲ್ಪಟ್ಟಿತ್ತೇ ಇಲ್ಲವೇ’ ಎಂಬುದನ್ನೂ ತಪ್ಪದೆ ದಾಖಲಿಸುತ್ತಾ ಬಂದರು. ಅಕ್ಷರದಚ್ಚು ತೆಗೆಯಲು ತಾವೇ ಬಳೆ ಕತ್ತರಿಸಬೇಕಾಗಿ ಬಂದರೆ ಅದನ್ನೂ ಬರೆದಿಟ್ಟರು. ಅವರು ಕತ್ತರಿಸುತ್ತಿದ್ದದ್ದು ಒಂದೇ ಕಡೆ. ಮುದ್ರೆಯೂ ಬಳೆಯೂ ಜೊತೆಯಲ್ಲೇ ಉಳಿಯುತ್ತಿದ್ದವು.

ರಾಜಶಾಸನದಿಂದ ಮೊಸರು ಪ್ಯಾಕೆಟ್ಟಿಗೆ ಹಾರುವುದು ಸ್ವಲ್ಪ ಅತಿಯೆನಿಸಬಹುದು. ಆದರೆ ತೆರೆಯುವಾಗ ಏನನ್ನು ಬೇರ್ಪಡಿಸಬಾರದು ಎಂಬ ಪ್ರಶ್ನೆ ಎರಡು ಕಡೆಯೂ ಒಂದೇ. ಹಾಲಿನ ಕವರನ್ನು ತೊಳೆದು, ಒಣಗಿಸಿ, ಕಟ್ಟು ಕಟ್ಟಿ ರದ್ದಿ ಅಂಗಡಿಗೆ ಕೊಡುವುದು ಬೆಂಗಳೂರಿನ ಗೃಹಿಣಿಯರಿಗೆ ಹಳೆಯ ಅಭ್ಯಾಸ. ಅದಕ್ಕೆ ಬೆಲೆಯೂ ಉಂಟು. ಕತ್ತರಿಸಿ ಬಿದ್ದ ಮೂಲೆಯ ಚೂರಿಗೆ ಬೆಲೆಯಿಲ್ಲ. ಒಣಕಸ ಆಯುವವರ ಬೆರಳಿಗೆ ಅದು ಸಿಕ್ಕುವುದಿಲ್ಲ. ಹಸಿಕಸದ ಜೊತೆ ಗೊಬ್ಬರಕ್ಕೆ ಸೇರುತ್ತದೆ, ಇಲ್ಲವೆ ಚರಂಡಿ ಹಿಡಿಯುತ್ತದೆ. ಮಾರ್ಚ್ 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧಿಸಿದಾಗಲೂ ಹಾಲಿನ ಪ್ಯಾಕೆಟ್ಟಿಗೆ ವಿನಾಯಿತಿ ಸಿಕ್ಕಿತು, ಸಿಗದೆ ಬೇರೆ ದಾರಿಯೂ ಇರಲಿಲ್ಲ. ದಿನಕ್ಕೆ ಎರಡು ಪ್ಯಾಕೆಟ್ ಕೊಳ್ಳುವ ಮನೆ ವರ್ಷಕ್ಕೆ 730 ಚೂರು ಮಾಡುತ್ತದೆ. ಒಂದು ಅಡ್ಡರಸ್ತೆಯಲ್ಲಿ ಅಂಥ ನಲವತ್ತು ಮನೆಗಳಿದ್ದರೆ ಲೆಕ್ಕ 29 ಸಾವಿರ ದಾಟುತ್ತದೆ.

ಹಾಗಾದರೆ ಉಪಕರಣ ಹೇಗಿರಬೇಕು? ಮಾದರಿಗೆ ದೂರ ಹೋಗಬೇಕಿಲ್ಲ, ಅಜ್ಜಿಯ ಈಳಿಗೆ ಮಣೆಯೇ ಇದೆ. ಚಾಕುವಿನಲ್ಲಿ ಅಲುಗು ಚಲಿಸುತ್ತದೆ, ಈಳಿಗೆಯಲ್ಲಿ ಅಲುಗು ನಿಂತಿದ್ದು ತರಕಾರಿ ಚಲಿಸುತ್ತದೆ. ಆ ಅಲುಗನ್ನು ಒಂದು ಸೀಳುಗಂಡಿಯ ಆಳದಲ್ಲಿ ಅಡಗಿಸಿಟ್ಟು, ಪ್ಯಾಕೆಟ್ಟಿನ ಅಂಚು ಮಾತ್ರ ಒಳಗೆ ಜಾರುವಂತೆ ಮಾಡಿದರೆ ಕೆಲಸದ ಅರ್ಧ ಮುಗಿಯಿತು. ಮೂಲೆಯಲ್ಲಿ ಹಾಳೆಯ ಎರಡು ಪದರ ಸೇರಿದರೂ ದಪ್ಪ 0.1 ಮಿಲಿಮೀಟರ್. ಗಂಡಿಯ ಅಗಲ ಎರಡು ಮಿಲಿಮೀಟರ್ ಇಟ್ಟರೆ ಪ್ಲಾಸ್ಟಿಕ್ಕಿಗೆ ಅದು ಹೆಬ್ಬಾಗಿಲು, ಮಗುವಿನ ಬೆರಳಿಗೂ ಪ್ರವೇಶವಿಲ್ಲ. ದರ್ಜಿಗಳು ಹೊಲಿಗೆ ಬಿಚ್ಚುವ ಸಾಧನದಲ್ಲೂ, ಅಪಘಾತವಾದಾಗ ಕಾರಿನ ಸೀಟ್ ಬೆಲ್ಟ್ ಕತ್ತರಿಸುವ ಸಾಧನದಲ್ಲೂ ಇರುವುದು ಇದೇ ಉಪಾಯ.

ಇನ್ನರ್ಧ ಗಂಡಿಯ ಆಳದಲ್ಲಿದೆ, ಜಾಣತನ ಬೇಕಾದದ್ದು ಇಲ್ಲಿಯೇ. ಮೂಲೆಯ ತುದಿಯಿಂದ ಎರಡೂ ಅಂಚಿನಲ್ಲಿ ಎರಡೆರಡು ಸೆಂಟಿಮೀಟರ್ ಬಿಟ್ಟು ಓರೆಯಾಗಿ ಕೊಯ್ದರೆ ಆ ಓರೆಗೆರೆಯ ಉದ್ದ ಸುಮಾರು 28 ಮಿಲಿಮೀಟರ್. ಗಂಡಿಯ ಆಳ 15 ಮಿಲಿಮೀಟರಿಗೆ ನಿಂತರೆ ಕೊಯ್ತವೂ ಅಲ್ಲಿಗೇ ನಿಲ್ಲುತ್ತದೆ. ಉಳಿದ 13 ಮಿಲಿಮೀಟರ್ ಬಾಗಿಲಿನ ಕೀಲಿನಂತೆ ಚೂರನ್ನು ಹಿಡಿದಿಡುತ್ತದೆ. ಹಾಲು ಸುರಿಯಲು ಒಂದೂವರೆ ಸೆಂಟಿಮೀಟರ್ ಬಾಯಿ ಧಾರಾಳ. ಡಬ್ಬಿಯಂತೆ ಗಾಳಿಗೆ ಇನ್ನೊಂದು ತೂತು ಬೇಡ, ಹಾಲು ಇಳಿದಂತೆ ಪ್ಯಾಕೆಟ್ಟೇ ಕುಗ್ಗುತ್ತದೆ. ಬಳಸುವವರು ಅವಸರದಲ್ಲಿದ್ದರೂ, ನಿದ್ದೆಗಣ್ಣಿನಲ್ಲಿದ್ದರೂ ಚೂರು ಬೇರೆಯಾಗದು. ಜನರಿಗೆ ಬುದ್ಧಿ ಹೇಳುವ ಹೊರೆ ಭಿತ್ತಿಪತ್ರಗಳಿಗೆ ತಪ್ಪಿತು.

ಹಿಡಿಯ ವಿಚಾರದಲ್ಲಿ ಅಮೆರಿಕದ ಒಂದು ಉದಾಹರಣೆ ಉಪಯುಕ್ತ. ಸ್ಯಾಮ್ ಫಾರ್ಬರ್ ಎಂಬ ಉದ್ಯಮಿಯ ಪತ್ನಿ ಬೆಟ್ಸಿಗೆ ಕೈಗಳಲ್ಲಿ ಸಂಧಿವಾತ. ಸಿಪ್ಪೆ ಹೆರೆಯುವ ಮಾಮೂಲಿ ಸಾಧನ ಹಿಡಿಯುವುದೇ ಕಷ್ಟವಾಗಿತ್ತು. ಆ ಅನುಭವದಿಂದ 1990ರಲ್ಲಿ ದಪ್ಪನೆಯ, ಮೆತ್ತನೆಯ ರಬ್ಬರ್ ಹಿಡಿಯ ‘ಆಕ್ಸೊ’ ಅಡುಗೆ ಸಲಕರಣೆಗಳು ಮಾರುಕಟ್ಟೆಗೆ ಬಂದವು. ನೋವಿದ್ದವರಿಗೆಂದು ಮಾಡಿದ್ದನ್ನು ನೋವಿಲ್ಲದವರೂ ಮುಗಿಬಿದ್ದು ಕೊಂಡರು. ಚಿವುಟುವ ಎರಡು ಬೆರಳಿಗಿಂತ ಮುಷ್ಟಿಯ ಬಲ ಹೆಚ್ಚು. ಸಣ್ಣ ಸಲಕರಣೆಯೆಂದು ಹಿಡಿಯನ್ನೂ ಸಣ್ಣದು ಮಾಡಿದರೆ ಅದು ಬೇಕಾದವರಿಗೇ ನಿರುಪಯೋಗಿ.

ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐ.ಎಸ್.ಓ. ಪೊಟ್ಟಣಗಳನ್ನು ಸುಲಭವಾಗಿ ತೆರೆಯುವ ಬಗ್ಗೆಯೇ 2015ರಲ್ಲಿ ಒಂದು ಮಾನಕ ಹೊರಡಿಸಿತು. ಅದಕ್ಕೂ ಹಳೆಯದಾದ, ಔಷಧಿ ಬಾಟಲಿಗಳ ಮಾನಕದ ಪರೀಕ್ಷೆ ಸ್ವಾರಸ್ಯಕರ. 42ರಿಂದ 51 ತಿಂಗಳ ಮಕ್ಕಳ ಕೈಗೆ ಬಾಟಲಿ ಕೊಟ್ಟು ಐದು ನಿಮಿಷ ಬಿಡುತ್ತಾರೆ, ಕನಿಷ್ಠ ಶೇ. 85 ಮಕ್ಕಳು ಸೋಲಬೇಕು. ಅದೇ ಬಾಟಲಿಯನ್ನು 50ರಿಂದ 70 ವರ್ಷದವರಲ್ಲಿ ಶೇ. 90 ಮಂದಿ ತೆರೆಯಬೇಕು. ಅಡುಗೆಮನೆಯ ಈ ಉಪಕರಣವನ್ನೂ ಹಿರಿಯರ ಕೈಗೇ ಮೊದಲು ಕೊಟ್ಟು ನೋಡಬೇಕು, ಅದೂ ಒದ್ದೆ ಕೈಗೆ. ಫ್ರಿಜ್ಜಿನಿಂದ ಬಂದ ಪ್ಯಾಕೆಟ್ ಬೆವರಿರುತ್ತದೆ.

ಮಿಕ್ಕವು ಮಾಮೂಲಿ ಸಂಗತಿಗಳು. ಗಂಡಿಯಲ್ಲಿ ಉಳಿದ ಹಾಲು ಹುಳಿಯಾಗಿ ನಾರುತ್ತದೆ, ಆದ್ದರಿಂದ ಬ್ರಷ್ ಆಡುವಷ್ಟು ಅದು ತೆರೆದಿರಬೇಕು. ಅಲುಗು ತುಕ್ಕು ಹಿಡಿಯದ ಉಕ್ಕಿನದು. ಅದು ಮೊಂಡಾದಾಗ ಬದಲಿಸುವಂತಿರಬೇಕು. ಮುರಿದು ಹೊಸ ತುದಿ ಪಡೆಯುವ ಬ್ಲೇಡನ್ನು ಜಪಾನಿನ ಯೋಶಿಯೊ ಒಕಾಡ 1956ರಲ್ಲೇ ಮಾಡಿದ್ದ, ಚಾಕೊಲೇಟ್ ಬಾರಿನ ಗೆರೆಗಳನ್ನು ನೋಡಿ. ಎಡಗೈಯವರಿಗೂ ಒಗ್ಗಬೇಕು. ಮೊಳೆಗೆ ನೇತುಹಾಕಲು ಒಂದು ತೂತು ಕಡ್ಡಾಯ, ಇಲ್ಲವಾದರೆ ಕತ್ತರಿಯ ಗತಿಯೇ ಇದಕ್ಕೂ. ಹಾಲು, ಮೊಸರು, ದೋಸೆಹಿಟ್ಟು, ಬೇಳೆಯ ಪ್ಯಾಕೆಟ್, ಕೊರಿಯರ್ ಕವರು ಇಷ್ಟಕ್ಕೆ ಒಂದೇ ಉಪಕರಣ ಸಾಕು. ಬ್ಯಾಟರಿ, ಟೂತ್‌ಬ್ರಷ್‌ಗಳ ಗಟ್ಟಿ ಪ್ಲಾಸ್ಟಿಕ್ ಚಿಪ್ಪನ್ನೂ ಇದರಿಂದಲೇ ಸೀಳಲು ಹೊರಟರೆ ಅಲುಗು ದೊಡ್ಡದಾಗಿ, ಗಂಡಿ ಅಗಲವಾಗಿ, ಬೆರಳಿನ ರಕ್ಷಣೆ ಹೋಗುತ್ತದೆ. ಎಲ್ಲ ಕೆಲಸಕ್ಕೂ ಬರುತ್ತದೆಂದು ಮಾರುವ ಸಲಕರಣೆಗಳು ಡ್ರಾಯರಿನ ತಳ ಸೇರಿರುವುದು ಎಲ್ಲರ ಮನೆಯಲ್ಲೂ ಉಂಟು.

ಡೇರಿಯವರೇ ಪ್ಯಾಕೆಟ್ಟಿನ ಅಂಚಿನಲ್ಲಿ ಶಾಂಪೂ ಸ್ಯಾಷೆಯಂತೆ ಕಚ್ಚು ಹಾಕಿಕೊಡಬಾರದೇಕೆ ಎಂದು ಕೇಳಬಹುದು. ಸ್ಯಾಷೆಯಲ್ಲಿರುವುದು ಕೆಲವೇ ಮಿಲಿಲೀಟರ್, ಅದು ಹಗುರ. ಅರ್ಧ ಕಿಲೋ ತೂಗುವ ಹಾಲಿನ ಪ್ಯಾಕೆಟ್ ಕ್ರೇಟಿನಲ್ಲಿ ಒಂದರ ಮೇಲೊಂದು ಬಿದ್ದು, ಲಾರಿಯಲ್ಲಿ ಕುಲುಕಿ, ಬೂತಿನ ಮುಂದೆ ದಡಾರನೆ ಇಳಿದು ಮನೆ ತಲುಪಬೇಕು. ಗ್ರಿಫಿತ್ ಹೇಳಿದ ಗಾಯ ಅದರ ಅಂಚಿನಲ್ಲಿ ಮೊದಲೇ ಇದ್ದರೆ ಹರಿತ ದಾರಿಯಲ್ಲೇ ಹೊರಟುಬಿಡುವ ಅಪಾಯ. ಹಿಗ್ಗುವ ಗುಣದಿಂದಲೇ ಪ್ಯಾಕೆಟ್ ಒಡೆಯದೆ ಬರುವುದು, ಅದೇ ಗುಣದಿಂದ ಕೈಗೆ ಹರಿಯದಿರುವುದು.

ಅಂಥದೊಂದು ಉಪಕರಣ ಮೊಳೆಗೆ ಬರುವವರೆಗೆ ಕತ್ತರಿಯಿಂದಲೂ ಇದನ್ನು ಮಾಡಬಹುದು. ಪ್ಯಾಕೆಟ್ಟಿನ ಒಂದು ಮೂಲೆಯನ್ನು ಮೇಲಕ್ಕೆ ಹಿಡಿದು ಹಾಲು ಕೆಳಗಿಳಿಯಲು ಬಿಡಬೇಕು, ಹೊಟ್ಟೆಯನ್ನು ಹಿಸುಕಬಾರದು. ಕತ್ತರಿಯ ತುದಿ ಓರೆಗೆರೆಯ ನಡುವಿಗೆ ಮಾತ್ರ ಬರುವಂತೆ ಇಟ್ಟು, ಒಮ್ಮೆ ಕತ್ತರಿಸಿ ಅಲ್ಲಿಗೇ ನಿಲ್ಲಿಸಬೇಕು. ಮೂಲೆಯನ್ನು ಹಿಂದಕ್ಕೆ ಮಡಚಿ ಹೆಬ್ಬೆರಳಲ್ಲಿ ಒತ್ತಿ ಹಿಡಿದು ಪಾತ್ರೆಗೆ ಸುರಿದರೆ ಹಾಲು ಒಂದೇ ಧಾರೆಯಲ್ಲಿ ಇಳಿಯುತ್ತದೆ. ಆಮೇಲೆ ಕವರಿಗೆ ಸ್ವಲ್ಪ ನೀರು ಹಾಕಿ ಕುಲುಕಿ, ಆ ನೀರನ್ನು ಗಿಡಕ್ಕೆ ಚೆಲ್ಲಿ, ಚೂರಿನ ಸಮೇತ ಹಗ್ಗದ ಮೇಲೆ ಒಣಗಲು ಹಾಕಬೇಕು.