ಕಾರು ಕೊಳ್ಳುವಾಗ ನಿಷ್ಠೆ ಯಾರಿಗೆ?

ನನ್ನ ಕಾರಿಗೆ 14 ವರ್ಷ ತುಂಬಿತು. ಖಾಸಗಿ ಕಾರಿನ ನೋಂದಣಿಯ ಅವಧಿ 15 ವರ್ಷ. ಅದು ಮುಗಿದ ಮೇಲೆ ವಾಹನವನ್ನು ಸಾರಿಗೆ ಕಚೇರಿಗೆ ಒಯ್ದು, ತಪಾಸಣೆಗೆ ಒಡ್ಡಿ ನವೀಕರಿಸಿಕೊಳ್ಳಬೇಕು. ಅಷ್ಟರೊಳಗೆ ಹೊಸದೊಂದನ್ನು ಕೊಳ್ಳುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ಯಾವುದು ಎಂಬ ಪ್ರಶ್ನೆಗೆ ಕ್ಷಣವೂ ಯೋಚಿಸದೆ ಹಳೆಯ ಕಂಪನಿಯ ಹೆಸರನ್ನೇ ಹೇಳಿದೆ. 1996ರಲ್ಲಿ ಸರ್ಕಾರದ ವಾಹನ ಮುಂಗಡ ಪಡೆದು ಕೊಂಡ ಮೊದಲ ಕಾರು ಅವರದು. 2004ರ ಎರಡನೆಯದು, 2012ರ ಮೂರನೆಯದು ಕೂಡ ಅವರದೇ. ‘ಹಳೆ ಗಂಡನ ಪಾದವೇ ಗತಿ’ ಎಂದು ಪತ್ನಿ ನಕ್ಕಳು. ಮಗಳು ನಗಲಿಲ್ಲ. ‘ಅಪ್ಪಾ, ಮೂರು ಸಲ ಒಂದೇ ಕಂಪನಿಯಿಂದ ಕೊಂಡು, ನಾಲ್ಕನೆಯ ಸಲಕ್ಕೂ ಅದೇ ಹೆಸರು ಬರೆದು ಯಾರಾದರೂ ಕಡತ ಕಳಿಸಿದ್ದರೆ ನೀವು ಸಹಿ ಹಾಕುತ್ತಿದ್ದಿರಾ?’ ಎಂದು ಕೇಳಿದಳು.

ಖಂಡಿತ ಹಾಕುತ್ತಿರಲಿಲ್ಲ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ 1999ರಲ್ಲೇ ಬಂದಿದೆ. ಟೆಂಡರ್ ಇಲ್ಲದೆ ಖರೀದಿಸಬೇಕಾದರೆ 4(ಜಿ) ವಿನಾಯಿತಿಯಂಥ ದಾರಿ ಹಿಡಿದು ಕಾರಣಗಳನ್ನು ಬರೆಯಬೇಕು. ‘ಒಂದೇ ಮೂಲದಿಂದ ಖರೀದಿಸುವ ಅನಿವಾರ್ಯತೆ ಏನು? ವಿವರಣೆಯೊಡನೆ ಮರುಸಲ್ಲಿಸಿ’ ಎಂದು ಷರಾ ಬರೆದು ನಾನೇ ಅದೆಷ್ಟೋ ಕಡತಗಳನ್ನು ಹಿಂದಿರುಗಿಸಿದ್ದೇನೆ. ಮನೆಯ ಮಟ್ಟಿಗೆ ಮಾತ್ರ ಪ್ರಸ್ತಾವ ಸಲ್ಲಿಸಿದವನೂ ನಾನೇ, ಅನುಮೋದಿಸಿದವನೂ ನಾನೇ. ಈ ಬಾರಿ ವೆಚ್ಚವಾಗುವುದು ನಿವೃತ್ತಿಯ ಗಂಟಿನ ಹಣ. ಬಹುಶಃ ಇದೇ ನನ್ನ ಕೊನೆಯ ಕಾರು. ಅದರ ಹಿಂದಿನ ಸೀಟಿನಲ್ಲಿ ಕೂರುವವರು 90ರ ಅಂಚಿನಲ್ಲಿರುವ ತಾಯಿ ಮತ್ತು ಆರು ವರ್ಷದ ಮೊಮ್ಮಗ. ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿರಲಿಲ್ಲ.

ನನ್ನ ತಲೆಮಾರಿನವರ ನಿಷ್ಠೆ ಹುಟ್ಟಿದ್ದು ಕೊರತೆಯ ಕಾಲದಲ್ಲಿ. 1986ರಲ್ಲಿ ನಾನು ಸೇವೆಗೆ ಸೇರಿದಾಗ ಅಧಿಕಾರಿಯ ವಾಹನವೆಂದರೆ ಬಿಳಿಯ ಅಂಬಾಸಿಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಈ ಭಾರತೀಯ ರೂಪ 1950ರ ದಶಕದಲ್ಲಿ ಬಂದು, ಹೆಚ್ಚಿನ ಮಾರ್ಪಾಡಿಲ್ಲದೆ 2014ರವರೆಗೂ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಯಿತು. ಅದನ್ನು ಬಿಟ್ಟರೆ ಪ್ರೀಮಿಯರ್ ಪದ್ಮಿನಿ. 1983ರ ಡಿಸೆಂಬರಿನ ನಂತರ ಮಾರುತಿ 800. ಹಣ ಕಟ್ಟಿ ಕಾರಿಗಾಗಿ ವರ್ಷಗಟ್ಟಲೆ ಕಾಯುತ್ತಿದ್ದವರು ದೂರುತ್ತಿರಲಿಲ್ಲ. ದೂರಿ ಪ್ರಯೋಜನವೂ ಇರಲಿಲ್ಲ. 1993ರಲ್ಲಿ ಕಾರು ಉದ್ಯಮ ಪರವಾನಗಿಯ ಕಟ್ಟಿನಿಂದ ಬಿಡುಗಡೆಯಾಯಿತು. 1998ರಲ್ಲಿ ಸ್ಯಾಂಟ್ರೊ, ಮ್ಯಾಟಿಜ್, ಇಂಡಿಕಾ ಒಂದರ ಬೆನ್ನಿಗೊಂದು ಬಂದವು. ಮಾರುಕಟ್ಟೆ ಬದಲಾಯಿತು; ನಮ್ಮ ಮನಸ್ಸು ಅಷ್ಟು ಬೇಗ ಬದಲಾಗಲಿಲ್ಲ. ಆಯ್ಕೆಯಿಲ್ಲದ ದಿನಗಳ ಅಸಹಾಯಕತೆಯೇ ಆಯ್ಕೆಯಿರುವ ದಿನಗಳಲ್ಲಿ ನಿಷ್ಠೆಯೆಂಬ ಹೆಸರು ಪಡೆಯಿತು ಎಂದು ಈಗ ಅನ್ನಿಸುತ್ತದೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ ಓದಿದ್ದ ಆಲ್ಬರ್ಟ್ ಹರ್ಷ್‌ಮನ್ ಈ ಸಂದರ್ಭದಲ್ಲಿ ನೆನಪಾದರು. 1970ರಲ್ಲಿ ಪ್ರಕಟವಾದ ಅವರ ‘ಎಕ್ಸಿಟ್, ವಾಯ್ಸ್ ಅಂಡ್ ಲಾಯಲ್ಟಿ’ ಎಂಬ ಪುಟ್ಟ ಗ್ರಂಥದ ತಿರುಳು ಸರಳವಾದುದು. ಸಂಸ್ಥೆಯೊಂದರ ಗುಣಮಟ್ಟ ಕುಸಿದಾಗ ಗ್ರಾಹಕನ ಮುಂದೆ ಎರಡು ದಾರಿಗಳಿರುತ್ತವೆ: ಹೊರನಡೆಯುವುದು ಅಥವಾ ದನಿ ಎತ್ತುವುದು. ಯಾವುದನ್ನು ಆರಿಸಿಕೊಳ್ಳುತ್ತಾನೆ ಎಂಬುದರಲ್ಲಿ ನಿಷ್ಠೆಯ ಪಾತ್ರವಿದೆ. ಈ ಚಿಂತನೆಗೆ ಅವರಿಗೆ ಪ್ರೇರಣೆಯಾದದ್ದು ನೈಜೀರಿಯಾದ ರೈಲ್ವೆ. ಕಡಲೆಕಾಯಿಯಂಥ ಸರಕನ್ನು ಬಹುದೂರ ಸಾಗಿಸುವುದರಲ್ಲೂ ಲಾರಿಗಳು ರೈಲನ್ನು ಹಿಂದಿಕ್ಕಿದ್ದವು. ಇಷ್ಟು ಪೈಪೋಟಿಯಿದ್ದರೂ ರೈಲ್ವೆ ಸುಧಾರಿಸಲಿಲ್ಲ. ಏಕೆಂದರೆ ಗಟ್ಟಿಯಾಗಿ ದೂರಬಲ್ಲವರೆಲ್ಲ ಲಾರಿಗಳತ್ತ ಹೋಗಿಬಿಟ್ಟಿದ್ದರು. ಉಂಟಾದ ನಷ್ಟವನ್ನು ತುಂಬಲು ಸರ್ಕಾರದ ಬೊಕ್ಕಸವಿತ್ತು. ಗ್ರಾಹಕ ಸದ್ದಿಲ್ಲದೆ ಎದ್ದುಹೋದರೆ ಅಂಗಡಿಯವನಿಗೆ ಪಾಠವಾಗುವುದಿಲ್ಲ. ಒಂದಿಷ್ಟು ನಿಷ್ಠೆಯಿದ್ದವನು ನಿಂತು ಜಗಳವಾಡುತ್ತಾನೆ; ಆ ಜಗಳದಿಂದ ಅಂಗಡಿಗೂ ಉಪಕಾರವಾಗುತ್ತದೆ.

ಇದು ನನ್ನ ಅನುಭವಕ್ಕೂ ಬಂದಿದೆ. 2014ರ ಮಳೆಗಾಲದಲ್ಲಿ ತಾಯಿಯನ್ನು ಕರೆದುಕೊಂಡು ಶಿರಾಡಿ ಘಾಟಿ ಹತ್ತುತ್ತಿದ್ದಾಗ ಕಾರಿನ ಸ್ಟಿಯರಿಂಗ್ ಏಕಾಏಕಿ ಬಿಗಿಯಾಯಿತು. ಹೇಗೋ ರಸ್ತೆಯ ಅಂಚಿಗೆ ತಂದು ನಿಲ್ಲಿಸಿದೆ. ಇಡೀ ಜೋಡಣೆಯನ್ನೇ ಬದಲಿಸಬೇಕು, ವಾರಂಟಿ ಮೂರು ವಾರಗಳ ಹಿಂದೆ ಮುಗಿದಿದೆ ಎಂದರು ಸರ್ವಿಸ್ ಕೇಂದ್ರದವರು. 18 ವರ್ಷಗಳಿಂದ ನಿಮ್ಮ ಗ್ರಾಹಕ ಎಂದು ಬರೆದ ಮೊದಲ ಪತ್ರಕ್ಕೆ ಅಚ್ಚುಹಾಕಿದಂಥ ಉತ್ತರ ಬಂತು. ಎರಡನೆಯದಕ್ಕೂ ಅದೇ ಉತ್ತರ. ಮೂರನೆಯ ಪತ್ರದಲ್ಲಿ, ನಾನೂ ನನ್ನ ಇಬ್ಬರು ತಮ್ಮಂದಿರೂ ಇನ್ನು ಮುಂದೆ ಬೇರೆ ಕಂಪನಿಯ ಕಾರುಗಳನ್ನು ನೋಡಬೇಕಾಗುತ್ತದೆ ಎಂದು ಬರೆದೆ. ವಾರದೊಳಗೆ ಬಿಡಿಭಾಗದ ಅರ್ಧ ಬೆಲೆಯನ್ನು ಭರಿಸಲು ಒಪ್ಪಿದರು. ಹದಿನೆಂಟು ವರ್ಷಗಳ ನಿಷ್ಠೆ ಮಾಡಲಾಗದ್ದನ್ನು ಹೊರಡುತ್ತೇನೆಂಬ ಒಂದು ಸಾಲು ಮಾಡಿತು. ಹರ್ಷ್‌ಮನ್ ಹೇಳಿದ್ದೂ ಇದನ್ನೇ: ಬಾಗಿಲು ತೆರೆದಿದ್ದಾಗಲೇ ದನಿಗೆ ಬಲ.

ಹಾಗಾದರೆ ಇಷ್ಟು ವರ್ಷಗಳ ಸಂಬಂಧಕ್ಕೆ ಬೆಲೆಯಿಲ್ಲವೇ? ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಎಂಬ ಮಾತನ್ನು ಕೇಳುತ್ತ ಬೆಳೆದವರು ನಾವು. ಆದರೆ ಇಲ್ಲಿ ಉಪ್ಪು ತಂದವನೂ ನಾನೇ, ಅದಕ್ಕೆ ಹಣ ತೆತ್ತವನೂ ನಾನೇ. ಋಣದ ಮಾತು ಎಲ್ಲಿಂದ ಬಂತು? ಕಂಪನಿಗಳು ಇಂಥ ಭಾವುಕತೆಗೆ ಒಳಗಾಗುವುದಿಲ್ಲ, ಒಳಗಾಗಬೇಕಾಗಿಯೂ ಇಲ್ಲ. ಮ್ಯಾಟಿಜ್ ತಯಾರಿಸಿದ ದೇವೂ ಕೊರಿಯಾದಲ್ಲಿ 2000ದಲ್ಲಿ ದಿವಾಳಿಯಾಯಿತು. ಜನರಲ್ ಮೋಟಾರ್ಸ್ 2017ರ ಕೊನೆಗೆ ಭಾರತದಲ್ಲಿ ಮಾರಾಟ ನಿಲ್ಲಿಸಿತು. 2021ರ ಸೆಪ್ಟೆಂಬರಿನಲ್ಲಿ ಫೋರ್ಡ್ ಇಲ್ಲಿ ಕಾರು ತಯಾರಿಕೆಯನ್ನು ಕೈಬಿಡುವುದಾಗಿ ಘೋಷಿಸಿತು. ಲೆಕ್ಕ ಹೊಂದದಿದ್ದಾಗ ಅವರು ಹೊರಟರು. ವ್ಯಾಪಾರದಲ್ಲಿ ಅದು ತಪ್ಪೂ ಅಲ್ಲ. ಲೆಕ್ಕ ಹಾಕುವ ಹಕ್ಕು ನಮಗೂ ಇದೆ ಎಂಬುದನ್ನು ನಾವು ಮರೆಯಬಾರದು, ಅಷ್ಟೆ.

ಹಳೆಯ ಹೆಸರಿಗೆ ಅಂಟಿಕೊಳ್ಳುವುದೆಲ್ಲ ಮೌಢ್ಯವೆಂದು ನಾನು ಹೇಳುತ್ತಿಲ್ಲ. ಮಾರುವವನಿಗೆ ಗೊತ್ತಿರುವ ದೋಷ ಕೊಳ್ಳುವವನಿಗೆ ಗೊತ್ತಿರದ ಮಾರುಕಟ್ಟೆಯ ಬಗ್ಗೆ ಜಾರ್ಜ್ ಅಕರ್ಲಾಫ್ ಅದೇ 1970ರಲ್ಲಿ ಬರೆದ ಲೇಖನ ಪ್ರಸಿದ್ಧವಾದುದು. ಅವರಿಗೆ 2001ರಲ್ಲಿ ನೊಬೆಲ್ ಗೌರವ ಸಂದಿತು. ಅವರು ಉದಾಹರಿಸಿದ್ದು ಹಳೆಯ ಕಾರುಗಳನ್ನೇ. ಇಂಥ ಮಾರುಕಟ್ಟೆಯಲ್ಲಿ ಪರಿಚಿತ ಬ್ರಾಂಡ್ ಒಂದು ಬಗೆಯ ಖಾತರಿಯಾಗುತ್ತದೆ. ಹತ್ತಿರದ ಸರ್ವಿಸ್ ಕೇಂದ್ರ, ಸಣ್ಣ ಊರಲ್ಲೂ ಸಿಗುವ ಬಿಡಿಭಾಗ, ಮಾರುವಾಗ ಬರುವ ಒಳ್ಳೆಯ ಬೆಲೆ ಇವೆಲ್ಲ ನಿಜವಾದ ಅನುಕೂಲಗಳು. ಆದರೆ ಇವನ್ನು ಪ್ರತಿ ಬಾರಿಯೂ ಹೊಸದಾಗಿ ಅಳೆಯಬೇಕು. ಸುರಕ್ಷತೆಯಂತೂ ಬ್ರಾಂಡಿನ ಗುಣವಲ್ಲ, ಮಾದರಿಯ ಗುಣ. 2023ರ ಅಕ್ಟೋಬರಿನಿಂದ ಜಾರಿಯಲ್ಲಿರುವ ಭಾರತ್ ಎನ್‌ಕ್ಯಾಪ್ ವ್ಯವಸ್ಥೆಯಲ್ಲಿ ಕಾರನ್ನು ಡಿಕ್ಕಿ ಹೊಡೆಸಿ ಪರೀಕ್ಷಿಸಿ, ದೊಡ್ಡವರ ರಕ್ಷಣೆಗೆ ಮತ್ತು ಮಕ್ಕಳ ರಕ್ಷಣೆಗೆ ಪ್ರತ್ಯೇಕವಾಗಿ ಐದರವರೆಗೆ ನಕ್ಷತ್ರಗಳನ್ನು ನೀಡುತ್ತಾರೆ. ಆ ನಕ್ಷತ್ರಗಳು ಸಲ್ಲುವುದು ಪರೀಕ್ಷೆಗೊಳಗಾದ ಮಾದರಿಗೆ, ಕಂಪನಿಯ ಹೆಸರಿಗಲ್ಲ.

ಕೊನೆಗೆ ಮಗಳ ಮಾತಿನಂತೆ ಕಡತವನ್ನೇ ತೆರೆದೆ. ಮೂರು ದರಪಟ್ಟಿಗಳನ್ನು ತರಿಸಿ ತುಲನಾತ್ಮಕ ಪಟ್ಟಿ ತಯಾರಿಸಿದೆ. ಸುರಕ್ಷತೆಗೆ 40 ಅಂಕ, ಸರ್ವಿಸ್ ಮತ್ತು ಬಿಡಿಭಾಗಕ್ಕೆ 20, ಇಂಧನದ ಖರ್ಚಿಗೆ 15, ಬೆಲೆಗೆ 15, ವಯಸ್ಸಾದವರು ಹತ್ತಿ ಇಳಿಯುವ ಅನುಕೂಲಕ್ಕೆ 10. ಹಳೆಯ ಗ್ರಾಹಕನಿಗೆಂದು ಕಂಪನಿ ಕೊಡುವ ‘ಲಾಯಲ್ಟಿ ಬೋನಸ್’ ಅನ್ನು ಬೆಲೆಯಲ್ಲೇ ಕಳೆದೆ. ಒಂದು ವಿಷಯವನ್ನು ಒಪ್ಪಿಕೊಳ್ಳಬೇಕು: ‘ಹಳೆಯ ಸಂಬಂಧ’ ಎಂದು ಇನ್ನೂ 10 ಅಂಕಗಳ ಸಾಲೊಂದನ್ನು ಮೊದಲು ಬರೆದಿದ್ದೆ. ಲೆಕ್ಕಪರಿಶೋಧಕರು ಕೇಳಿದರೆ ಸಮರ್ಥಿಸಲಾರೆ ಎನಿಸಿ ಅದನ್ನು ಹೊಡೆದುಹಾಕಿದೆ. ಆ ಸಾಲು ಉಳಿದಿದ್ದರೆ ನನ್ನ ಹಳೆಯ ಕಂಪನಿಯೇ ಗೆಲ್ಲುತ್ತಿತ್ತು. ಹೋದ ಮೇಲೆ ಅದು 4 ಅಂಕಗಳಿಂದ ಎರಡನೆಯ ಸ್ಥಾನಕ್ಕಿಳಿಯಿತು. ವ್ಯತ್ಯಾಸವಾದದ್ದು ಸುರಕ್ಷತೆಯ ಸಾಲಿನಲ್ಲಿ.

ಕಾರುಗಳನ್ನು ಇಷ್ಟು ವರ್ಷ ನೋಡಿಕೊಂಡ ಬಡಾವಣೆಯ ಮೆಕ್ಯಾನಿಕ್‌ಗೆ ಸಂಕೋಚದಿಂದಲೇ ವಿಷಯ ತಿಳಿಸಿದೆ. ಅವರು ಬಾನೆಟ್ಟಿನಿಂದ ತಲೆಯೆತ್ತದೆ ಹೇಳಿದರು: ‘ಸಾರ್, ಈ ಗಾಡೀನ ಹದಿನಾಲ್ಕು ವರ್ಷ ಓಡಿಸಿದ್ದು ಕಂಪನಿ ಅಲ್ಲ, ನಾನು. ಯಾವುದಾದ್ರೂ ತಗೊಳ್ಳಿ. ವಾರಂಟಿ ಇರೋವರೆಗೂ ಅವರ ಹತ್ರ ಹೋಗಿ, ಆಮೇಲೆ ನನ್ನ ಹತ್ರ ಬನ್ನಿ.’ ಬ್ರಾಂಡಿನ ಲೆಕ್ಕಕ್ಕೆ ನಾನು ಬರೆದಿಟ್ಟಿದ್ದ ನಂಬಿಕೆಯಲ್ಲಿ ಎಷ್ಟು ಭಾಗ ಈ ಮನುಷ್ಯನಿಗೆ ಸಲ್ಲಬೇಕಾಗಿತ್ತು ಎಂಬುದು ಆಗ ಅರಿವಾಯಿತು. ನಿಷ್ಠೆ ತೋರಲೇಬೇಕೆಂದಿದ್ದರೆ ಅದಕ್ಕೆ ಅರ್ಹರಾದವರು ಅವರೇ.

ಹೊಸ ಕಾರಿಗೆ ಮುಂಗಡ ಕೊಟ್ಟು ಬಂದ ಸಂಜೆ ಹಳೆಯ ಕಂಪನಿಗೆ ನಾಲ್ಕನೆಯ ಪತ್ರ ಬರೆದೆ. ಏಕೆ ಹೊರಡುತ್ತಿದ್ದೇನೆ, ಯಾವ ಸಾಲಿನಲ್ಲಿ ಎಷ್ಟು ಅಂಕ ಕಡಿಮೆಯಾಯಿತು, ಏನನ್ನು ಸರಿಪಡಿಸಿದರೆ ನನ್ನ ಮಗಳಾದರೂ ಮುಂದೆ ಅವರ ಬಾಗಿಲಿಗೆ ಬಂದಾಳು ಎಂಬುದನ್ನೆಲ್ಲ ವಿವರಿಸಿ ತುಲನಾತ್ಮಕ ಪಟ್ಟಿಯ ಪ್ರತಿಯನ್ನೂ ಲಗತ್ತಿಸಿದೆ. ಸದ್ದಿಲ್ಲದೆ ಎದ್ದುಹೋದವರ ಸಾಲಿಗೆ ಸೇರಲು ಮನಸ್ಸಾಗಲಿಲ್ಲ. ಉತ್ತರ ಇನ್ನೂ ಬಂದಿಲ್ಲ. ಬಾರದಿದ್ದರೂ ಚಿಂತೆಯಿಲ್ಲ, ವಿಷಯ ಕಡತದಲ್ಲಿ ದಾಖಲಾಗಿದೆ.