ಎರೆಹೊಲದ ಹಸಿ: ಬೆಳಕಿನ ಎಳೆ ಹೇಳುವುದೇನು?

ಸಿರುಗುಪ್ಪದ ಭತ್ತ, ಕುರುಗೋಡಿನ ಮೆಣಸಿನಕಾಯಿ, ಬಳ್ಳಾರಿ ಸುತ್ತಲಿನ ಹಿಂಗಾರಿ ಜೋಳ ಮೂರೂ ಎರೆಮಣ್ಣಿನ ತೇವವನ್ನೇ ನಂಬಿವೆ. ಆ ತೇವವನ್ನು ಹೂತಿಟ್ಟ ಆಪ್ಟಿಕಲ್ ಫೈಬರ್ ಕೇಬಲ್‌ನಿಂದಲೂ ಅಳೆಯಬಹುದು. ಮಣ್ಣಿನ ಬಗ್ಗೆ, ಈ ವಿಧಾನದ ಬಗ್ಗೆ ಇರುವ ಕೆಲವು ತಪ್ಪು ಕಲ್ಪನೆಗಳು ಇಲ್ಲಿವೆ.

ತಪ್ಪು ಕಲ್ಪನೆ: ಹೊಲ ಬಿರುಕು ಬಿಟ್ಟರೆ ಹಸಿ ಮುಗಿಯಿತು.
ಸತ್ಯ: ಮೇಲೆ ಒಣಗಿದರೂ ಎರೆ ಆಳದಲ್ಲಿ ನೀರು ಹಿಡಿದಿರುತ್ತದೆ. ಹಿಂಗಾರಿ ಜೋಳ, ಕಡಲೆ ಬದುಕುವುದು ಅದರಿಂದಲೇ. ಆದರೆ ಬಿರುಕಿನ ದಾರಿಯಲ್ಲಿ ಆ ಹಸಿಯೂ ಆರುತ್ತದೆ. ಎಡೆ ಹೊಡೆದು ಬಿರುಕು ಮುಚ್ಚುವುದು ಅದಕ್ಕಾಗಿ.

ತಪ್ಪು ಕಲ್ಪನೆ: ಮಣ್ಣಿನಲ್ಲಿರುವ ನೀರೆಲ್ಲ ಬೆಳೆಗೆ ಸಿಗುತ್ತದೆ.
ಸತ್ಯ: ಎರೆಯ ಜಿಗುಟು ಕಣಗಳು ನೀರನ್ನು ಬಿಗಿಯಾಗಿ ಹಿಡಿಯುತ್ತವೆ. ಮರಳುಮಣ್ಣಿನಲ್ಲಿ ಬೆಳೆ ನಳನಳಿಸುವಷ್ಟು ತೇವವಿದ್ದರೂ ಎರೆಯಲ್ಲಿ ಅದೇ ಬೆಳೆ ಬಾಡಬಹುದು.

ತಪ್ಪು ಕಲ್ಪನೆ: ಫೈಬರ್ ನೀರನ್ನೇ ಗುರುತಿಸುತ್ತದೆ.
ಸತ್ಯ: ಅದು ಅಳೆಯುವುದು ಉಷ್ಣತೆಯನ್ನು. ಎಳೆಯೊಳಗೆ ಬಿಟ್ಟ ಲೇಸರ್ ಬೆಳಕಿನಲ್ಲಿ ಅತ್ಯಲ್ಪ ಪಾಲು ಗಾಜಿನ ಅಣುಗಳಿಗೆ ತಾಗಿ, ತರಂಗಾಂತರ ಬದಲಿಸಿಕೊಂಡು ಮರಳುತ್ತದೆ. ಸಿ.ವಿ. ರಾಮನ್ 1928ರ ಮಾರ್ಚ್ 16ರಂದು ಬೆಂಗಳೂರಿನ ಉಪನ್ಯಾಸದಲ್ಲಿ ವಿವರಿಸಿದ ಪರಿಣಾಮವೇ ಇದು. ಮರಳಿದ ಬೆಳಕಿನ ಎರಡು ತರಂಗಾಂತರಗಳ ಅನುಪಾತದಿಂದ ಉಷ್ಣತೆ, ಮರಳಲು ಹಿಡಿದ ಹೊತ್ತಿನಿಂದ ಜಾಗ ಗೊತ್ತಾಗುತ್ತದೆ. ಹೀಗೆ ಒಂದೇ ಕೇಬಲ್ ನೂರಾರು ಮೀಟರ್ ಉದ್ದಕ್ಕೂ ಮೀಟರ್ ಮೀಟರಿನ ಲೆಕ್ಕ ಕೊಡುತ್ತದೆ.

ತಪ್ಪು ಕಲ್ಪನೆ: ನೆಲ ಬಿಸಿಯಾಗಿದ್ದರೆ ಒಣಗಿದೆ ಎಂದೇ ಅರ್ಥ.
ಸತ್ಯ: ಬಿಸಿಲು, ನೆರಳು, ಆಳ ಎಲ್ಲವೂ ಉಷ್ಣತೆಯನ್ನು ಬದಲಿಸುತ್ತವೆ. ಆದ್ದರಿಂದ ಕೇಬಲ್‌ನ ಲೋಹದ ಹೊದಿಕೆಗೆ ತುಸು ಹೊತ್ತು ವಿದ್ಯುತ್ ಹರಿಸಿ ಕಾಯಿಸುತ್ತಾರೆ. ನೀರು ಗಾಳಿಗಿಂತ 20 ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖ ಸಾಗಿಸುತ್ತದೆ. ಹಾಗಾಗಿ ಹಸಿ ಮಣ್ಣಿನಲ್ಲಿ ಕೇಬಲ್ ಕಡಿಮೆ ಕಾಯುತ್ತದೆ, ಒಣಮಣ್ಣಿನಲ್ಲಿ ಹೆಚ್ಚು. ಅಮೆರಿಕದ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ತಂಡ 2010ರಲ್ಲಿ ಪ್ರಕಟಿಸಿದ ಪ್ರಯೋಗ ಈ ದಾರಿಯದು.

ತಪ್ಪು ಕಲ್ಪನೆ: ಕೇಬಲ್ ಹೂತರೆ ಕೆಲಸ ಮುಗಿಯಿತು.
ಸತ್ಯ: ಎರೆ ಕುಗ್ಗಿ ಕೇಬಲ್ ಸುತ್ತ ಗಾಳಿ ಸೇರಿದರೆ, ಹಸಿ ಇದ್ದರೂ ಲೆಕ್ಕ ಒಣ ಎನ್ನುತ್ತದೆ. ಅದೇ ಹೊಲದ ಮಣ್ಣನ್ನು ತೂಗಿ, 105 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಒಣಗಿಸಿ, ಮತ್ತೆ ತೂಗಿ ತಾಳೆ ನೋಡಲೇಬೇಕು.

ತಪ್ಪು ಕಲ್ಪನೆ: ಕಾಲುವೆ ನೀರಿದ್ದವರಿಗೆ ಅಳತೆ ಯಾಕೆ?
ಸತ್ಯ: ಅಳತೆ ಹೆಚ್ಚು ಬೇಕಿರುವುದು ಅವರಿಗೇ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಅತಿ ನೀರುಂಡ ಎಷ್ಟೋ ಹೊಲ ಜವುಳಾಗಿ, ಸವುಳಾಗಿ ಕೆಟ್ಟಿವೆ. ಮೇಲಿನವರು ಹೆಚ್ಚು ಹರಿಸಿದಷ್ಟೂ ಕಾಲುವೆಯ ಕೊನೆಯವರಿಗೆ ಕೊರತೆ.

ಫೈಬರ್ ಉಪಕರಣ ದುಬಾರಿ. ಅದು ಸಂಶೋಧನಾ ತಾಕುಗಳಿಗೆ ತಕ್ಕದ್ದು. ರೈತರಿಗೆ ಕೊಯಮತ್ತೂರಿನ ಕಬ್ಬು ತಳಿ ಸಂಶೋಧನಾ ಸಂಸ್ಥೆ ರೂಪಿಸಿದ, ಬಣ್ಣದ ದೀಪದಿಂದ ತೇವ ತೋರಿಸುವ ಸಾಧನವಿದೆ. ಏನೂ ಇಲ್ಲದಿದ್ದರೆ ಗೇಣುದ್ದ ಅಗೆದು, ಬೇರಿನ ಮಟ್ಟದ ಮಣ್ಣನ್ನು ಉಂಡೆ ಕಟ್ಟಿ ನೋಡಿ. ನೀರು ಬಿಡುವ ಮಾತು ಆಮೇಲೆ.